ಗೋಡೆಗೊಂದು ಚಿತ್ರ

(ಜನವರಿಯ ಭಾನುವಾರ. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ. ಗಂಡನ ಕೈಯಲ್ಲಿ ಅಳತೆ ಟೇಪು, ಸೋಫಾ ಬಟ್ಟೆಯ ತುಂಡು.)

ಗಂಡ: ಬೂದು ಬಣ್ಣದ್ದು, ನಾಲ್ಕಡಿ ಅಗಲದ್ದು ಏನಿದೆಯಮ್ಮಾ?

ಕಲಾವಿದೆ: ಇವು ಚಿತ್ರ ಸಾರ್, ಕರ್ಟನ್ ಅಲ್ಲ.

ಹೆಂಡತಿ: ರೀ, ದೀವರ ಹಸೆ ಚಿತ್ತಾರ! ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟು, ಪುಂಡಿನಾರಿನ ಕುಂಚ. ಸಾಗರದಲ್ಲಿ ನಮ್ಮಜ್ಜಿ ಮದುವೆಮನೆ ಗೋಡೆಗೆ ಹೀಗೇ ಬರೀತಿದ್ರು.

ಗಂಡ: ಈ ಕೆಂಪು ನಮ್ಮ ಸೋಫಾಕ್ಕೆ ಹೊಂದಲ್ಲ ಕಣೇ. ಅಜ್ಜಿ ಬರೆದದ್ದು ಊರಲ್ಲಿದೆಯಲ್ಲ?

ಹೆಂಡತಿ: ಹೋದ ವರ್ಷ ನೀವೇ ನಿಂತು ಅದರ ಮೇಲೆ ಡಿಸ್ಟೆಂಪರ್ ಹೊಡೆಸಿದ್ರಲ್ಲ!

ಗಂಡ: ಎಷ್ಟಮ್ಮಾ ಇದು?

ಕಲಾವಿದೆ: 8,000.

ಗಂಡ: ಬರೀ ಅಕ್ಕಿಹಿಟ್ಟಿಗಾ?

ಹೆಂಡತಿ: ಸೋಫಾಕ್ಕೆ 80,000 ಕೊಟ್ಟಾಗ ಬರೀ ಸ್ಪಂಜಿಗಾ ಅಂತ ಕೇಳಿದ್ರಾ?

ಗಂಡ: ಸರಿ ಸರಿ, ಪ್ಯಾಕ್ ಮಾಡಿ. ಎಷ್ಟು ವರ್ಷ ಗ್ಯಾರಂಟಿ?

ಕಲಾವಿದೆ: ನೀವು ಡಿಸ್ಟೆಂಪರ್ ತರೋವರೆಗೆ ಸಾರ್.