ಪಾಠ ನಡೆದಿದೆ, ಬೇಕಾದರೆ ಕಡತ ನೋಡಿ

2020ರಲ್ಲಿ ಕಾಲೇಜುಗಳಿಗೆ ಬೀಗ ಬಿತ್ತು. ಪಾಠಕ್ಕೆ ಮಾತ್ರ ಬೀಳಲಿಲ್ಲವಂತೆ. ಹಾಗಂತ ಕಡತದಲ್ಲಿದೆ.

ಮಾರ್ಚ್ ಕೊನೆಗೆ ಲಾಕ್‌ಡೌನ್. ಏಪ್ರಿಲ್ 29ಕ್ಕೆ ಯುಜಿಸಿ ಮಾರ್ಗಸೂಚಿ ಬಂತು. ಆನ್‌ಲೈನ್‌ನಲ್ಲಿ ಕಲಿಸಿ ಎಂದಿತು. ದಿಲ್ಲಿಯಲ್ಲಿ ಕೂತವರಿಗೆ ಹಳ್ಳಿಯ ಸ್ಥಿತಿ ಗೊತ್ತಿರಲಿಲ್ಲ ಎನ್ನಬೇಡಿ. ಸರ್ಕಾರದ್ದೇ 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆ ಮೊದಲೇ ಲೆಕ್ಕ ಕೊಟ್ಟಿತ್ತು. ದೇಶದ ಹಳ್ಳಿಗಳಲ್ಲಿ ಇಂಟರ್ನೆಟ್ ಇರುವ ಮನೆ ನೂರಕ್ಕೆ ಸುಮಾರು 15. ಕಂಪ್ಯೂಟರ್ ಇರುವ ಮನೆ ನೂರಕ್ಕೆ ಐದೂ ಇಲ್ಲ. ಲೆಕ್ಕ ಅವರದ್ದೇ, ಆದೇಶವೂ ಅವರದ್ದೇ. ಓದುವ ಕಷ್ಟ ಯಾರೂ ತೆಗೆದುಕೊಳ್ಳಲಿಲ್ಲ, ಅಷ್ಟೆ.

ನನಗೆ ಗೊತ್ತಿರುವ ಒಂದು ಕಾಲೇಜು ತಾನೇ ಸಮೀಕ್ಷೆ ಮಾಡಿತು. ನಿಮ್ಮ ಮನೆಯಲ್ಲಿ ಇಂಟರ್ನೆಟ್ ಇದೆಯೇ? ಪ್ರಶ್ನೆ ಕಳಿಸಿದ್ದು ಗೂಗಲ್ ಫಾರ್ಮ್‌ನಲ್ಲಿ. ಉತ್ತರ ಕೊಟ್ಟವರೆಲ್ಲ ‘ಇದೆ’ ಎಂದರು. ವರದಿ ಮೇಲಕ್ಕೆ ಹೋಯಿತು. ಮೇಲಿನವರಿಗೆ ಸಮಾಧಾನವಾಯಿತು.

ಇತ್ತ ಹೊಸನಗರ, ಸಾಗರ, ಜೋಯಿಡಾ ಕಡೆ ಮಳೆ ಹಿಡಿಯಿತು. ಒಂದು ಗಾಳಿ ಬೀಸಿದರೆ ಕರೆಂಟ್ ಹೋಗುತ್ತದೆ. ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಟವರ್ರೂ ಮಲಗುತ್ತದೆ. ಜನರೇಟರ್ ಇದೆ ಸ್ವಾಮಿ, ಡೀಸೆಲ್ ಇಲ್ಲ. ಹುಡುಗರು ಗುಡ್ಡ ಹತ್ತಿದರು. ಕಾಲಿಗೆ ಉಂಬಳ, ಕಿವಿಗೆ ಇಯರ್‌ಫೋನ್. ಊರಿನವರು ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂದು ಬೋರ್ಡ್ ಬರೆದು ನಿಲ್ಲಿಸಿದ ಮೇಲೆ ಜನಪ್ರತಿನಿಧಿಗಳಿಗೆ ಒಮ್ಮೆಲೇ ಸಿಗ್ನಲ್ ಸಿಕ್ಕಿತು. ಭರವಸೆ ಫುಲ್ ರೇಂಜ್‌ನಲ್ಲಿ ಬಂತು.

ಗುಡ್ಡದ ಮೇಲೆ ಸಿಕ್ಕ ಪಾಠ ಎಂಥದ್ದು? ರಸಾಯನಶಾಸ್ತ್ರದ ಪ್ರಾಕ್ಟಿಕಲ್ ನೋಡಿ. ಮೇಷ್ಟ್ರು ಮೊಬೈಲ್ ಎದುರು ಬ್ಯೂರೆಟ್ ಹಿಡಿದು ಟೈಟ್ರೇಶನ್ ತೋರಿಸುತ್ತಾರೆ. ಒಂದು ಹನಿ ಹೆಚ್ಚಾದರೂ ಲೆಕ್ಕ ತಪ್ಪುತ್ತದೆ. ತಿಳಿ ಗುಲಾಬಿ ಬಣ್ಣ ಬರುವ ಹೊತ್ತಿಗೆ ಸರಿಯಾಗಿ ಚಿತ್ರ ಹೆಪ್ಪುಗಟ್ಟಿತು. ಮತ್ತೆ ಅಲ್ಲಾಡಿದಾಗ ಮೇಷ್ಟ್ರು ಫ್ಲಾಸ್ಕ್ ತೊಳೆಯುತ್ತಿದ್ದರು. ‘ಎಲ್ಲರಿಗೂ ಕಾಣಿಸ್ತಲ್ವಾ?’ ‘ಕಾಣಿಸ್ತು ಸಾರ್.’ ಹಾಜರಿ ಬೇಕಲ್ಲ, ಕಾಣಿಸಲೇಬೇಕು.

ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್. ವಿಡಿಯೊ ಪಾಠ ಎರಡು ಮೂರು ಪೀರಿಯಡ್ ಆಗುವಷ್ಟರಲ್ಲಿ ಅದು ಖಾಲಿ. ಟೈಮ್‌ಟೇಬಲ್‌ನಲ್ಲಿ ಪೀರಿಯಡ್ ಐದು. ಈ ಸಣ್ಣ ಕೂಡು-ಕಳೆ ವಿಶ್ವವಿದ್ಯಾಲಯದ ಗಣಿತ ವಿಭಾಗದಲ್ಲೂ ಯಾರಿಗೂ ಹೊಳೆಯಲಿಲ್ಲ.

ಮೇಷ್ಟ್ರುಗಳನ್ನು ಬೈಯಬೇಡಿ. ನಮ್ಮ ಸರ್ಕಾರಿ ಪದವಿ ಕಾಲೇಜುಗಳು ನಿಂತಿದ್ದದ್ದೇ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಮೇಲೆ. ಆಗ ಅವರ ಗೌರವಧನ ತಿಂಗಳಿಗೆ 11ರಿಂದ 13 ಸಾವಿರ. ಲಾಕ್‌ಡೌನ್‌ನಲ್ಲಿ ಅದೂ ತಿಂಗಳುಗಟ್ಟಲೆ ಬರಲಿಲ್ಲ. ಧನ ನಿಂತಿತು, ಗೌರವ ಮೊದಲೂ ಇರಲಿಲ್ಲ. ಇಂಥವರು ಸ್ವಂತ ದುಡ್ಡಿನಲ್ಲಿ ಡೇಟಾ ಹಾಕಿಸಿ, ಸಂಜೆಯೊಳಗೆ ನಿಗದಿತ ನಮೂನೆಯಲ್ಲಿ ಸ್ಕ್ರೀನ್‌ಶಾಟ್ ಸಮೇತ ವರದಿ ಕಳಿಸಬೇಕು. ಪಾಠ ತಪ್ಪಿದರೆ ಕೇಳುವವರಿಲ್ಲ, ವರದಿ ತಪ್ಪಿದರೆ ನೋಟಿಸ್.

ನಮ್ಮಲ್ಲಿ ಸಿಗ್ನಲ್ ತಾನಾಗಿ ಸಾಯುತ್ತದೆ. ಕಾಶ್ಮೀರದಲ್ಲಿ ಸರ್ಕಾರವೇ ಕುತ್ತಿಗೆ ಹಿಚುಕಿತು. 2019ರ ಆಗಸ್ಟ್‌ನಲ್ಲಿ ಹೋದ 4ಜಿ ವಾಪಸ್ ಬಂದದ್ದು 2021ರ ಫೆಬ್ರುವರಿಗೆ. ನಡುವೆ ಕೊರೊನಾ ಬಂತು, ಅಲ್ಲಿಗೂ ಆನ್‌ಲೈನ್ ಪಾಠ ಬಂತು, 2ಜಿಯಲ್ಲಿ. ಸುಪ್ರೀಂ ಕೋರ್ಟಿಗೆ ಹೋದರೆ 2020ರ ಮೇನಲ್ಲಿ ಸಮಿತಿ ಪರಿಶೀಲಿಸಲಿ ಎಂದಿತು. ಸಮಿತಿಗೆ ಅಧ್ಯಕ್ಷರು ಕೇಂದ್ರ ಗೃಹ ಕಾರ್ಯದರ್ಶಿ. ಕತ್ತರಿ ಹಿಡಿದ ಸರ್ಕಾರವೇ ಕತ್ತರಿಸಿದ್ದು ಸರಿಯೇ ಎಂದು ನೋಡಬೇಕು! ಡಿಜಿಟಲ್ ಇಂಡಿಯಾ ಎಂದು ಭಾಷಣ ಮಾಡುವುದೂ ಇದೇ ಸರ್ಕಾರ.

ಪರೀಕ್ಷೆ ಬಂದಾಗ ಎಲ್ಲರಿಗೂ ಜ್ಞಾನೋದಯವಾಯಿತು. ಸೆಪ್ಟೆಂಬರ್ ಮುಗಿಯುವುದರೊಳಗೆ ಅಂತಿಮ ವರ್ಷದ ಪರೀಕ್ಷೆ ಆಗಲೇಬೇಕು ಎಂದಿತು ಯುಜಿಸಿ. ಪರೀಕ್ಷೆ ಇಲ್ಲದೆ ಪಾಸು ಮಾಡುವಂತಿಲ್ಲ ಎಂದು ಆಗಸ್ಟ್ 28ಕ್ಕೆ ಸುಪ್ರೀಂ ಕೋರ್ಟೂ ಹೇಳಿತು. ಆನ್‌ಲೈನ್‌ನಲ್ಲೂ ನಡೆಸಬಹುದಿತ್ತು. ನಮ್ಮ ವಿಶ್ವವಿದ್ಯಾಲಯಗಳು ಹೆಚ್ಚಾಗಿ ಮಕ್ಕಳನ್ನು ಕೊಠಡಿಗೇ ಕರೆಸಿದವು. ಪಾಠಕ್ಕೆ ಸಾಕಾದ ನೆಟ್‌ವರ್ಕ್ ಪರೀಕ್ಷೆಗೆ ಯಾಕೆ ಸಾಲದು? ಕೇಳಬೇಡಿ, ಅದು ಸಿಲಬಸ್‌ನಲ್ಲಿಲ್ಲ.

2021ರ ಜೂನ್‌ನಲ್ಲಿ ರಾಜ್ಯ ಸರ್ಕಾರದಿಂದ ಟ್ಯಾಬ್ ಬಂತು, ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ. ಮೊದಲ ಲಾಕ್‌ಡೌನ್ ಆಗಿ ವರ್ಷ ದಾಟಿತ್ತು. ಗುಡ್ಡ ಹತ್ತಿದವನಿಗೆ ಈಗ ದೊಡ್ಡ ಪರದೆಯಲ್ಲಿ ‘ನೋ ಸರ್ವಿಸ್’ ಕಾಣಿಸಿತು.

ಬೇರೆ ದಾರಿಯೇ ಇರಲಿಲ್ಲವೇ? ಮೈಸೂರು ವಿಶ್ವವಿದ್ಯಾಲಯ 1969ರಲ್ಲೇ ಅಂಚೆ ಮೂಲಕ ಪಾಠ ಶುರು ಮಾಡಿತ್ತು. 1996ರಲ್ಲಿ ಆ ಅಂಚೆ ಪಾಠದ ಸಂಸ್ಥೆಯೇ ಮುಕ್ತ ವಿಶ್ವವಿದ್ಯಾಲಯವಾಯಿತು. ಅಚ್ಚಾದ ಪಾಠ, ಮನೆ ಬಾಗಿಲಿಗೆ. ಗುಡ್ಡಕ್ಕೆ ಟವರ್ ಸಿಗದಿದ್ದರೂ ಊರಿಗೆ ಪೋಸ್ಟ್‌ಮ್ಯಾನ್ ಬರುತ್ತಾನೆ, ಮಳೆಯಲ್ಲೂ ಆಕಾಶವಾಣಿ ಕೇಳಿಸುತ್ತದೆ. ಆದರೆ ಅಂಚೆ ಚೀಟಿ ಅಂಟಿಸುವುದರಲ್ಲಿ ಠೀವಿಯಿಲ್ಲ ನೋಡಿ. ವೆಬಿನಾರ್ ಉದ್ಘಾಟಿಸಿದರೆ ಪತ್ರಿಕೆಯಲ್ಲಿ ಫೋಟೊ ಬರುತ್ತದೆ.

ಇದೆಲ್ಲ ಕಣ್ಣೆದುರೇ ಇದ್ದರೂ 2021ರ ಮೇನಲ್ಲಿ ಯುಜಿಸಿ ಇನ್ನೊಂದು ಟಿಪ್ಪಣಿ ತಂದಿತು. ಮುಂದೆ ಶೇ. 40ರವರೆಗೆ ಪಾಠ ಆನ್‌ಲೈನ್‌ನಲ್ಲೇ ಆಗಬಹುದು ಎಂದು. ಪ್ರಯೋಗ ಯಶಸ್ವಿಯಾಗಿದೆಯಲ್ಲ, ಕಡತದಲ್ಲಿ.

ಫೀಸು ಮಾತ್ರ ಯಾವ ಗುಡ್ಡವನ್ನೂ ಹತ್ತಲಿಲ್ಲ. ಬೀಗ ಹಾಕಿದ ಲ್ಯಾಬಿಗೆ, ತೆರೆಯದ ಲೈಬ್ರರಿಗೆ, ಹುಲ್ಲು ಬೆಳೆದ ಆಟದ ಮೈದಾನಕ್ಕೆ ಎಷ್ಟೋ ಕಾಲೇಜುಗಳು ಕೇಳಿ ಕಟ್ಟಿಸಿಕೊಂಡವು.

ಇನ್ನೊಮ್ಮೆ ‘ತರಗತಿಗಳು ಆನ್‌ಲೈನ್‌ನಲ್ಲಿ ಮುಂದುವರಿಯಲಿವೆ’ ಎಂಬ ಸುತ್ತೋಲೆ ಬಂದರೆ, ಸಹಿ ಹಾಕಿದವರನ್ನು ಜುಲೈನಲ್ಲಿ ಹೊಸನಗರಕ್ಕೆ ಕರೆಸಿ. ಒಂದೂವರೆ ಜಿಬಿ ಪ್ಯಾಕ್ ನಾವೇ ಹಾಕಿಸಿಕೊಡೋಣ. ಗುಡ್ಡದ ಮೇಲೆ ನಿಂತು ಒಂದು ದಿನ ಐದು ಪೀರಿಯಡ್ ಪಾಠ ಕೇಳಲಿ. ಫೀಸಿನ ರಸೀದಿ ಹರಿಯುವುದು ಆಮೇಲೆ.