ಬೇತಾಳನ ಹೊಸ ಅವತಾರ

ಚೆನ್ನೈನ ಅಡ್ಯಾರಿನಲ್ಲಿ ಗೆಳೆಯರ ಜೊತೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಪಾತ್ರ ವಹಿಸುವ ಆಟ ಆಡುವ ಕನ್ನಡದ ಹುಡುಗನೊಬ್ಬನಿಗೆ ತನ್ನ ಪಾತ್ರಕ್ಕೊಂದು ಚಿತ್ರ ಬೇಕಾಯಿತು. ಆಟವೇನೋ 1974ರದ್ದು, ಹೇಳಿದ್ದಕ್ಕೆ ಚಿತ್ರ ಬರೆದುಕೊಡುವ ಎಐ ಮಿಡ್‌ಜರ್ನಿ 2022ರ ಕೂಸು. ‘ಹೆಗಲ ಮೇಲೆ ಬೇತಾಳನನ್ನು ಹೊತ್ತ ರಾಜ’ ಎಂದು ಟೈಪಿಸಿದ.

ರಾಜನಿಗೆ ಆರು ಬೆರಳು, ಮೊಣಕೈಯಿಂದಲೇ ಮೊಳೆತ ಕತ್ತಿ. ಬೇತಾಳನಿಗೆ ಜಿಮ್ಮಿನ ತೋಳು, ಫೇಶಿಯಲ್ ಮಾಡಿಸಿದ ಕೆನ್ನೆ! ‘ಬೇತಾಳ ಸಣಕಲಾಗಿರಲಿ’ ಎಂದರೆ ರಾಜನೇ ಸೊರಗಿದ.

‘ಹೆಣ ಇಷ್ಟು ಪುಷ್ಟಿಯಾಗಿರತ್ತೇನೋ?’ ಎಂದರು ಅಜ್ಜಿ. ಅವರು ಚಂದಮಾಮ ಓದಿ ಬೆಳೆದವರು. 1947ರಲ್ಲಿ ಇದೇ ಮದರಾಸಿನಲ್ಲಿ ಹುಟ್ಟಿದ ಆ ಪತ್ರಿಕೆಗೆ ವಿಕ್ರಮ–ಬೇತಾಳರ ಚಿತ್ರ ಬರೆದ ಶಂಕರ್ 2020ರಲ್ಲಿ ತೀರಿಕೊಂಡರು. ಅವರ ವಿಕ್ರಮನ ಬೆರಳನ್ನು ಯಾರೂ ಎಣಿಸಿ ನೋಡಬೇಕಾಗಿರಲಿಲ್ಲ.

ಹುಡುಗ ಬಿಡಲಿಲ್ಲ. ಈ ಸಲ ಬೆರಳು ಐದೇ, ಕತ್ತಿಯೂ ಕೈಯಲ್ಲೇ. ಆದರೆ ಬೇತಾಳನೇ ರಾಜನನ್ನು ಹೊತ್ತು ನಡೆದಿದ್ದ.