ಕ್ಯಾಮೆರಾ ಬ್ಯಾಗ್ ಬಾಯಿ ಬಿಟ್ಟಾಗ

ತಿಪಟೂರಿನ ಒಂದು ಕಲ್ಯಾಣ ಮಂಟಪ. ಧಾರೆ ಮುಗಿದಿತ್ತು, ಊಟದ ಮೂರನೇ ಪಂಕ್ತಿ ಎದ್ದಿತ್ತು. ಸ್ಟೇಜಿನ ಹಿಂದೆ, ಬಾಡಿಗೆ ಕುರ್ಚಿಗಳ ಪಕ್ಕದಲ್ಲಿ ಕಪ್ಪು ಕ್ಯಾಮೆರಾ ಬ್ಯಾಗೊಂದು ಒಂಟಿಯಾಗಿ ಕೂತಿತ್ತು. ಮೇಲೆ ದೊಡ್ಡ ಕಂಪನಿಯ ಹೆಸರಿತ್ತು. ಹೊಲಿಗೆ ನೋಡಿದರೆ ಆ ಕಂಪನಿಗೆ ಈ ಸಂಗತಿ ಗೊತ್ತಿರಲಾರದು ಅನ್ನಿಸಿತು. ಅದರ ಒಡೆಯ ಈ ಕಸುಬಿಗೆ ಇಳಿದು ಎರಡು ಸೀಸನ್ ಆಯಿತಂತೆ. ಸಂಪಾದನೆ ಹೇಗಿದೆ ಅಂತ ಹೊಸ ಫೋಟೋಗ್ರಾಫರುಗಳನ್ನೇ ಕೇಳಿದರೆ 'ಪರವಾಗಿಲ್ಲ ಸಾರ್' ಅನ್ನುತ್ತಾರೆ. ಅದಕ್ಕೇ ಬ್ಯಾಗನ್ನು ಮಾತಾಡಿಸಿದೆ.

ನಾನು: ನಮಸ್ಕಾರ. ಕ್ಯಾಮೆರಾನ ಬಿಟ್ಟು ನಿಮ್ಮನ್ನ ಮಾತಾಡಿಸ್ತಿದ್ದೀನಿ. ಅದಕ್ಕೆ ಬೇಜಾರಾಗಲ್ಲ ತಾನೆ?

ಬ್ಯಾಗ್: ಆಗಲಿ ಬಿಡಿ ಸ್ವಾಮಿ. ಅದು ನೋಡೋದು ಬರೀ ನಗೋ ಮುಖ. ದುಡ್ಡು ಕೊಡೋ ಹೊತ್ತಿನ ಮುಖಾನ ಅದು ಇವತ್ತಿನವರೆಗೂ ನೋಡಿಲ್ಲ, ಅಷ್ಟೊತ್ತಿಗೆ ಅದನ್ನ ನನ್ನೊಳಗೆ ಹಾಕಿ ಜಿಪ್ ಎಳೆದಿರ್ತಾರೆ. ಆ ಮುಖ ನೋಡೋ ಯೋಗ ನನ್ನದು.

ನಾನು: ಒಳಗೆ ಏನೇನಿದೆ?

ಬ್ಯಾಗ್: ಸೆಕೆಂಡ್ ಹ್ಯಾಂಡ್ ಬಾಡಿ ಒಂದು, 50 ಎಂಎಂ ಲೆನ್ಸ್ ಒಂದು. ಫ್ಲ್ಯಾಶ್ ಸ್ನೇಹಿತನದು, ರಾತ್ರಿನೇ ವಾಪಸ್ ಕೊಡಬೇಕು. ಶೂ ಡಬ್ಬದಲ್ಲಿ ಬರುತ್ತಲ್ಲ, ಆ ಸಿಲಿಕಾ ಜೆಲ್ ಪೊಟ್ಟಣ ಒಂದಷ್ಟು. ಜಿಪ್ಪಿನ ಹಲ್ಲಲ್ಲಿ ಅಕ್ಷತೆ ಕಾಳು ಸಿಕ್ಕಿಕೊಂಡಿದೆ ನೋಡಿ, ಯಾವ ಮದುವೇದೋ. ಈ ಸುತ್ತಿನಲ್ಲಿ ಬಿದ್ದ ಅಕ್ಷತೆಯೆಲ್ಲ ನನ್ನ ಮೇಲೂ ಬಿದ್ದಿದೆ, ಆಶೀರ್ವಾದ ಮಾತ್ರ ಇನ್ನೂ ತಗುಲಿಲ್ಲ. ಸೈಡ್ ಜೇಬಲ್ಲಿ ತಾಂಬೂಲದ ತೆಂಗಿನಕಾಯಿ. ತಿಪಟೂರಲ್ಲವಾ, ಏನು ಕೊಡದಿದ್ದರೂ ಕಾಯಿ ಕೊಡ್ತಾರೆ. ದೊಡ್ಡ ಲೆನ್ಸಿಗೆ ಅಂತ ಹೊಲಿದ ಜೇಬು ಅದು. ಕಾಯಿಗೆ ಹೇಳಿ ಮಾಡಿಸಿದ ಹಾಗಿದೆ.

ನಾನು: ಈ ಮದುವೆ ನಿಮ್ಮ ಹುಡುಗನ ಸ್ವಂತ ಆರ್ಡರಾ?

ಬ್ಯಾಗ್: ಎಲ್ಲಿಂದ ಬರಬೇಕು! ಆರ್ಡರ್ ದೊಡ್ಡ ಸ್ಟುಡಿಯೋದವರದು. ನಮ್ಮವನು ಸೆಕೆಂಡ್ ಕ್ಯಾಮೆರಾ. ದಿನಗೂಲಿ, 2,500 ರೂಪಾಯಿ. ಮೇನ್ ಕ್ಯಾಮೆರಾದವರು ಮಂಟಪದ ಎದುರು ನಿಲ್ತಾರೆ, ನಮ್ಮವನ ಪಾಲಿಗೆ ಪುರೋಹಿತರ ಬೆನ್ನು. ಮಾಂಗಲ್ಯಧಾರಣೆ ಹೊತ್ತಿಗೆ ಸೋದರಮಾವಂದಿರೆಲ್ಲ ಮೊಬೈಲ್ ಎತ್ತಿಕೊಂಡು ಅಡ್ಡ ಬರ್ತಾರೆ. ಅಷ್ಟಾದರೂ, ಅಂತರಪಟ ಸರಿಸಿ ಜೀರಿಗೆ ಬೆಲ್ಲ ಹಾಕುವಾಗ ಹುಡುಗಿ ಗುರಿ ತಪ್ಪಿ ಪುರೋಹಿತರ ತಲೆ ಮೇಲೆ ಹಾಕಿ ನಾಲಿಗೆ ಕಚ್ಚಿಕೊಂಡಳು ನೋಡಿ, ಅದನ್ನ ಆ ಮೊಬೈಲುಗಳ ಸಂದೀಲೇ ಹಿಡಿದ. ಇಡೀ ಮದುವೇಲಿ ಅಂಥ ಚಿತ್ರ ಇನ್ನೊಂದಿಲ್ಲ. ಸಂಜೆ ಸ್ಟುಡಿಯೋ ಹುಡುಗ ಬಂದು ಕಾರ್ಡ್ ತಗೊಂಡು ಹೋಗ್ತಾನೆ. ಆಲ್ಬಮ್ಮಿನಲ್ಲಿ ಅವರ ಹೆಸರು ಬರುತ್ತೆ.

ನಾನು: ದಿನಕ್ಕೆ 2,500 ಅಂದರೆ ಕಡಿಮೆ ಏನಲ್ಲವಲ್ಲ?

ಬ್ಯಾಗ್: ಕ್ಯಾಮೆರಾ ಸವೆಯೋದು ಯಾರ ಲೆಕ್ಕಕ್ಕೆ ಸ್ವಾಮಿ? ಮದುವೆಗೆ 2,000 ಕ್ಲಿಕ್ ಅಂತ ಇಟ್ಟುಕೊಳ್ಳಿ. ಇಂಥ ಸಾಧಾರಣ ಕ್ಯಾಮೆರಾಗಳ ಶಟರಿಗೆ ಸಾಮಾನ್ಯವಾಗಿ 1 ಲಕ್ಷ ಕ್ಲಿಕ್ಕಿನ ಆಯುಸ್ಸು ಹೇಳ್ತಾರೆ. 50 ಮದುವೆಗೆ ಅದರ ಆಯುಸ್ಸು ಮುಗೀತು. ನಮ್ಮದು ಸೆಕೆಂಡ್ ಹ್ಯಾಂಡ್ ಬೇರೆ, ಹಳೇ ಯಜಮಾನ ಎಷ್ಟು ಜನರ ಮದುವೆ ಮುಗಿಸಿ ಮಾರಿದ್ದನೋ.

ನಾನು: ಹೋಗಲಿ, ಚಿತ್ರದ ಹಕ್ಕಾದರೂ ತೆಗೆದವನದ್ದೇ ಇರುತ್ತಲ್ಲ?

ಬ್ಯಾಗ್: 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ನೋಡಿ. ಬೇರೆ ಕರಾರು ಇಲ್ಲದಿದ್ದರೆ, ದುಡ್ಡು ಕೊಟ್ಟು ಫೋಟೋ ತೆಗೆಸಿದವರೇ ಹಕ್ಕಿನ ಮೊದಲ ಒಡೆಯರು. ದುಡ್ಡು ಇಸ್ಕೊಂಡರೆ ಚಿತ್ರ ಅವರದು, ಪುಕ್ಕಟೆ ತೆಗೆದುಕೊಟ್ಟರೆ ನಮ್ಮದು. ಹಾಗೆ ನೋಡಿದರೆ ಅತ್ತೆ ಮಗನ ಗೃಹಪ್ರವೇಶ, ಚಿಕ್ಕಮ್ಮನ ಮಗಳ ಸೀಮಂತ, ಓಣಿಯವರ ನಾಮಕರಣ ಎಲ್ಲ ಸೇರಿಸಿ ನಮ್ಮ ಹುಡುಗನ ಆಸ್ತಿ ಬಹಳ ದೊಡ್ಡದು. ಬ್ಯಾಂಕಿನವರು ಅಡ ಇಟ್ಟುಕೊಳ್ಳೋದಿಲ್ಲ ಅಷ್ಟೆ.

ನಾನು: ಬ್ಯಾಂಕಲ್ಲಿ ಸಾಲ ಉಂಟೋ?

ಬ್ಯಾಗ್: ಮುದ್ರಾ ಸಾಲ. 50,000 ರೂಪಾಯಿವರೆಗೆ ಕೊಟ್ಟರೆ ಅದಕ್ಕೆ ಶಿಶು ಅಂತ ಹೆಸರು. ಆಮೇಲೆ 5 ಲಕ್ಷದವರೆಗೆ ಕಿಶೋರ, 10 ಲಕ್ಷದವರೆಗೆ ತರುಣ. ಸಾಲ ಬೆಳೆದು ತರುಣ ಆಗೋ ಹೊತ್ತಿಗೆ ನಮ್ಮ ಹುಡುಗ ಮುದುಕ ಆಗಿರ್ತಾನೆ.

ನಾನು: ಸೀಸನ್ ಇಲ್ಲದಾಗ?

ಬ್ಯಾಗ್: ಮೊಳೆಗೆ ನೇತುಹಾಕ್ತಾನೆ. ಆಷಾಢ, ಪಿತೃಪಕ್ಷ, ಧನುರ್ಮಾಸ, ಇವೆಲ್ಲ ಗೊತ್ತಿದ್ದದ್ದೇ. ಇದರ ಮಧ್ಯೆ ಶುಕ್ರಾಸ್ತ ಅಂತ ಒಂದು ಬರುತ್ತೆ. ಅಲ್ಲೆಲ್ಲೋ ಶುಕ್ರ ಹೋಗಿ ಸೂರ್ಯನ ಬೆಳಕಲ್ಲಿ ಕಾಣದ ಹಾಗಾಗ್ತಾನೆ. ನಮ್ಮ ಕಡೆ ಅದನ್ನ ಓವರ್ ಎಕ್ಸ್‌ಪೋಸ್ ಅಂತೀವಿ. ಅದಕ್ಕೆ ಮುಹೂರ್ತ ಇಲ್ಲ, ಮುಹೂರ್ತ ಇಲ್ಲದ್ದಕ್ಕೆ ಆರ್ಡರ್ ಇಲ್ಲ. ಬ್ಯಾಂಕಿನ ಪಂಚಾಂಗದಲ್ಲಿ ಮಾತ್ರ ಪ್ರತಿ ತಿಂಗಳ 5ನೇ ತಾರೀಕೂ ಶುಭದಿನ. ಮಳೆಗಾಲದಲ್ಲಿ ಮುಚ್ಚಿಟ್ಟರೆ ಲೆನ್ಸಿಗೆ ಫಂಗಸ್ ಬೇರೆ ಹಿಡಿಯುತ್ತೆ. ನಮ್ಮ ಬಯಲುಸೀಮೇಲಿ ವಾಸಿ. ಆಗುಂಬೆ ಕಡೆಯ ಬ್ಯಾಗುಗಳ ಕಥೆ ಕೇಳಬೇಡಿ.

ನಾನು: ಆಗ ಪಾಸ್‌ಪೋರ್ಟ್ ಸೈಜ್ ಫೋಟೋ ತೆಗೆದು ಕಾಲ ತಳ್ಳಬಹುದಲ್ಲ?

ಬ್ಯಾಗ್: ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಫೋಟೋ ಅವರೇ ತೆಗೀತಾರೆ, ಆಧಾರ್ ಕೇಂದ್ರದಲ್ಲೂ ಅವರೇ. ನಮ್ಮ ಹೊಟ್ಟೆ ಮೇಲೆ ಹೊಡೆದದ್ದು ಸಾಲದು ಅಂತ ಎಲ್ಲರ ಮುಖಾನೂ ಕೆಡಿಸಿಟ್ಟಿದ್ದಾರೆ.

ನಾನು: ಇಂಟರ್ನೆಟ್ಟಿನಲ್ಲಿ ಚಿತ್ರ ಮಾರೋದು?

ಬ್ಯಾಗ್: ಅದೂ ಆಯ್ತು. ಕೊಬ್ಬರಿ ರಾಶಿ ಮೇಲೆ ಬೆಳಗಿನ ಬಿಸಿಲು ಬಿದ್ದ ಚಿತ್ರ ಹಾಕಿದ. ಅಮೆರಿಕದ ಒಂದು ಹೆಸರಾಂತ ಜಾಲತಾಣ 2020ರಲ್ಲಿ ಹೊಸ ದರ ತಂತು, ಒಂದು ಡೌನ್‌ಲೋಡಿಗೆ ತೀರಾ ಕಡಿಮೆ ಅಂದರೆ 10 ಸೆಂಟ್. ಆ ದುಡ್ಡಿಗೆ ನಮ್ಮೂರಲ್ಲಿ ಕಾಯಿ ಬೇಡ, ಸುಲಿಯೋ ಕೂಲಿ ಹುಟ್ಟಿದರೆ ಹೆಚ್ಚು.

ನಾನು: ಹಾಗಾದರೆ ಈ ಕಸುಬಲ್ಲಿ ನಿಜವಾಗಿ ದುಡ್ಡು ಬರೋದು ಎಲ್ಲಿಂದ?

ಬ್ಯಾಗ್: ಹತ್ತಿರ ಬನ್ನಿ, ಸ್ಟುಡಿಯೋದವರಿಗೆ ಕೇಳಿಸಬಾರದು. ಶಾಲೆ ಗ್ರೂಪ್ ಫೋಟೋ! ಫೆಬ್ರವರಿ ತಿಂಗಳು, ಬೇವಿನ ಮರದ ಕೆಳಗೆ ಮೂರು ಸಾಲು ಬೆಂಚು. ನಡುವೆ ಹೆಡ್‌ಮಾಸ್ಟರು, ಅವರ ಕಾಲ ಬಳಿ ಸ್ಲೇಟು, ಅದರ ಮೇಲೆ '7ನೇ ತರಗತಿ ಬಿ ವಿಭಾಗ'. ಕಲೆ ಗಿಲೆ ಏನೂ ಬೇಡ, ಎಲ್ಲರ ಕಣ್ಣೂ ತೆರೆದಿರಬೇಕು ಅಷ್ಟೆ. ಒಂದು ಒಳ್ಳೇ ಕ್ಲಿಕ್ಕಿಗೆ ಅರವತ್ತು ಪ್ರಿಂಟ್, ಅರವತ್ತು ಮನೆಯಿಂದ ದುಡ್ಡು, ವಸೂಲಿ ಕ್ಲಾಸ್ ಟೀಚರದು. ಇನ್ಸ್ಟಾಗ್ರಾಮಿಗೆ ಮಾತ್ರ ಇವನು ಇದನ್ನ ಹಾಕಲ್ಲ, ಮರ್ಯಾದೆ ಪ್ರಶ್ನೆಯಂತೆ. ಅಲ್ಲಿ ಹಾಕೋದೆಲ್ಲ ಪುಕ್ಕಟೆ ತೆಗೆದ ಚಿತ್ರಗಳು. ಆಮೇಲೆ ಅಂಥವೇ ಆರ್ಡರ್ ಬರ್ತವೆ, ಅದೇ ರೇಟಿಗೆ.

ನಾನು: ಸ್ವಂತ ಮದುವೆ ಆರ್ಡರ್ ಹಿಡಿದದ್ದೇ ಇಲ್ಲವೆ?

ಬ್ಯಾಗ್: ಒಂದು ಹಿಡಿದಿದ್ದ. ಬ್ಯಾಲೆನ್ಸ್ ಬರೋ ಮುಂಚೆ ಆಲ್ಬಂ ಕೊಟ್ಟುಬಿಟ್ಟ. ದಂಪತಿಗೆ ಈಗ ಮಗು ಆಗಿದೆ, ಬ್ಯಾಲೆನ್ಸ್ ಇನ್ನೂ ಬಂದಿಲ್ಲ. ನಾಮಕರಣಕ್ಕೂ ಇವನನ್ನೇ ಕರೆದಿದ್ದಾರೆ, 'ಎರಡೂ ಸೇರಿಸಿ ಒಟ್ಟಿಗೆ ಕೊಡ್ತೀವಿ' ಅಂತ.

ನಾನು: ಹೋಗ್ತಾನಾ?

ಬ್ಯಾಗ್: ಬ್ಯಾಟರಿ ಚಾರ್ಜಿಗೆ ಹಾಕಿದಾನೆ.

ನಾನು: ಕೊನೆಯದಾಗಿ, ಈ ಸಂದರ್ಶನದ ಜೊತೆಗೆ ನಿಮ್ಮದೊಂದು ಚಿತ್ರ ಹಾಕೋಣ ಅಂತ. ನಿಮ್ಮ ಹುಡುಗನ ಕೈಲೇ ಒಂದು ತೆಗೆಸಿ ಕಳಿಸಿ.

ಬ್ಯಾಗ್: ಎಷ್ಟು ಕೊಡ್ತೀರಿ?

ನಾನು: ಚಿತ್ರದ ಕೆಳಗೆ ಹೆಸರು ಹಾಕ್ತೀವಲ್ಲ! ನಾಲ್ಕು ಜನಕ್ಕೆ ಪರಿಚಯ ಆಗ್ತಾನೆ.

ಬ್ಯಾಗ್: ಹೋಮಾಯಿ ವ್ಯಾರವಾಲಾ ಅಂತ ಇದ್ದರು, ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿ. 1930ರ ದಶಕದ ಕೊನೆಯಲ್ಲಿ ಬಾಂಬೆ ಕ್ರಾನಿಕಲ್ಲಿನವರು ಆ ತಾಯಿಗೆ ಚಿತ್ರಕ್ಕೆ ಒಂದು ರೂಪಾಯಿ ಕೊಡ್ತಿದ್ದರು. ಅಚ್ಚಾಗ್ತಿದ್ದದ್ದು ಗಂಡನ ಹೆಸರು. ಅವರು ಹೆಸರು ಹಾಕಲಿಲ್ಲ, ರೂಪಾಯಿ ಕೊಟ್ಟರು. ನೀವು ಹೆಸರು ಹಾಕ್ತೀರಿ, ರೂಪಾಯಿ ಕೊಡಲ್ಲ. ಪತ್ರಿಕೆಗಳು ಬಹಳ ಮುಂದುವರಿದಿವೆ ಸ್ವಾಮಿ.

ನಾನು: ಸಂಪಾದಕರನ್ನ ಒಂದು ಮಾತು ಕೇಳಿ ಹೇಳ್ತೀನಿ.

ಬ್ಯಾಗ್: ಆಗಲಿ. ಬರುವಾಗ ಅಡ್ವಾನ್ಸ್ ಇಸ್ಕೊಂಡೇ ಬನ್ನಿ. ಕಾಯಿ ಕೊಟ್ಟು ಕಳಿಸೋಕೆ ನೋಡ್ತಾರೆ, ಜಾಗ ಇಲ್ಲ ಅಂತ ಈಗಲೇ ಹೇಳಿಬಿಡಿ.